ಕುರಿ ನಡೆಯುವ ದಾರಿಯನ್ನು ದಾಖಲೆಗೆ ಸೇರಿಸಿ: ಪಶುಸಂಗೋಪನಾ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆಯುಕ್ತರು,
ಪಶುಸಂಗೋಪನಾ ಆಯುಕ್ತಾಲಯ, ಮಹಾರಾಷ್ಟ್ರ ಸರ್ಕಾರ,
ಔಂಧ್, ಪುಣೆ

ಮಾನ್ಯರೇ,

ಈ ಪತ್ರದ ಮರಾಠಿ ಪ್ರತಿ ನಿಮ್ಮ ಕಚೇರಿಯ ಆವಕ ವಿಭಾಗವನ್ನು ಸೇರಿದೆ. ಕನ್ನಡದಲ್ಲಿಯೂ ಬರೆಯುತ್ತಿರುವುದಕ್ಕೆ ಕಾರಣವಿದೆ. ಇದು ನೀವೊಬ್ಬರೇ ಓದಿ ಕಡತಕ್ಕೆ ಸೇರಿಸಿ ಮುಗಿಸಬಹುದಾದ ವಿಷಯವಲ್ಲ. ಬೆಂಗಳೂರಿನಲ್ಲಿ ಕುಳಿತಿರುವ, ನಿಮ್ಮದೇ ದರ್ಜೆಯ ಅಧಿಕಾರಿಯೂ ಓದಬೇಕು. ಪುಣೆಯ ಹೊರವಲಯದ ವಸತಿ ಸಂಕೀರ್ಣಗಳಲ್ಲಿ ನೆಲೆಸಿರುವ ನನ್ನಂಥ ಕನ್ನಡಿಗರೂ ಓದಬೇಕು.

ನನ್ನ ಊರು ಚಿಕ್ಕೋಡಿ ತಾಲೂಕಿನಲ್ಲಿದೆ. ಬ್ಯಾಂಕಿನ ನೌಕರಿ ನನ್ನನ್ನು ಪುಣೆಗೆ ತಂದಿತು, ನಿವೃತ್ತಿಯಾದ ಮೇಲೂ ಇಲ್ಲೇ ಉಳಿದೆ. ಕೃಷಿ ಸಾಲದ ಮೇಜಿನಲ್ಲಿ ಕುಳಿತವನಾದ್ದರಿಂದ ಕುರಿ ಸಾಲದ ಅರ್ಜಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಆ ಅರ್ಜಿಯಲ್ಲಿ ‘ಪ್ರಾಣಿಗಳನ್ನು ಇರಿಸಿರುವ ಸ್ಥಳ’ ಎಂಬ ಅಂಕಣ ಇರುತ್ತಿತ್ತು. ನಡೆಯುವ ಕುರಿಯನ್ನು ಇರಿಸಿರುವ ಸ್ಥಳ ಯಾವುದು? ಕಾರ್ತಿಕದಲ್ಲಿ ಒಂದು, ಮಾಘದಲ್ಲಿ ಇನ್ನೊಂದು. ಕೊನೆಗೆ ಎಲ್ಲರೂ ಊರಿನ ಹೆಸರನ್ನೇ ಬರೆಯುತ್ತಿದ್ದರು, ಪರಿಶೀಲನೆಗೆ ಹೋದ ನಮ್ಮವರಿಗೆ ಅಲ್ಲಿ ಖಾಲಿ ಹಟ್ಟಿ ಕಾಣುತ್ತಿತ್ತು. ಸರ್ಕಾರದ ಬಹುತೇಕ ನಮೂನೆಗಳ ಅವಸ್ಥೆ ಇದೇ. ಅವು ನಿಂತ ಪ್ರಾಣಿಗಾಗಿ, ನಿಂತ ಮನುಷ್ಯನಿಗಾಗಿ ಮಾಡಿದವು.

2026ನೇ ಇಸವಿಯನ್ನು ವಿಶ್ವಸಂಸ್ಥೆ ಹುಲ್ಲುಗಾವಲುಗಳ ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಸಾರಿದೆ. ನಿಮಗೂ ಈ ಬಗ್ಗೆ ಸುತ್ತೋಲೆಗಳು ಬಂದಿರಬಹುದು. ಮಂಗೋಲಿಯಾ ಮುಂದಾಳಾಗಿ ನಿಂತು ತಂದ ಠರಾವನ್ನು 2022ರ ಮಾರ್ಚ್‌ನಲ್ಲಿ ಮಹಾಸಭೆ ಅಂಗೀಕರಿಸಿತು. ಆ ದೇಶಕ್ಕೆ ಇದು ಜೀವನ್ಮರಣದ ಪ್ರಶ್ನೆ. 2023-24ರ ಚಳಿಗಾಲದಲ್ಲಿ ಅವರು ‘ಝುಡ್’ ಎನ್ನುವ ಹಿಮದ ಹೊಡೆತಕ್ಕೆ ಸಿಕ್ಕಿ ಅಲ್ಲಿ 70 ಲಕ್ಷಕ್ಕೂ ಹೆಚ್ಚು ಜಾನುವಾರುಗಳು ಸತ್ತವು. ಮರುಭೂಮೀಕರಣ ತಡೆ ಒಪ್ಪಂದದ 17ನೇ ಸಮಾವೇಶವನ್ನು ಇದೇ ವರ್ಷ ತಮ್ಮ ರಾಜಧಾನಿ ಉಲಾನ್‌ಬಾತರ್‌ಗೆ ಅವರು ಕರೆಸಿಕೊಂಡಿರುವುದೂ ಸುಮ್ಮನೆ ಅಲ್ಲ. ಆ ಒಪ್ಪಂದದ ಕಚೇರಿ 2024ರಲ್ಲಿ ಹೊರತಂದ ವರದಿಯ ಪ್ರಕಾರ ಭೂಮಿಯ ನೆಲಭಾಗದ ಶೇ 54ರಷ್ಟು ಮೇವಿನ ನೆಲ. ಅದರಲ್ಲಿ ಅರ್ಧದವರೆಗೂ ಹದಗೆಟ್ಟಿದೆ. ಜಗತ್ತಿನ ಆಹಾರದ ಆರರಲ್ಲಿ ಒಂದು ಪಾಲು ಅಲ್ಲಿಂದ ಬರುತ್ತದೆ. ಕಾಡಿನ ಬಗ್ಗೆ ನಡೆದಿರುವ ಸಮ್ಮೇಳನಗಳಿಗೆ ಲೆಕ್ಕವಿಲ್ಲ. ಹುಲ್ಲಿನ ಸರದಿ ಬರಲು ಇಷ್ಟು ವರ್ಷ ಬೇಕಾಯಿತು.

ಬ್ಯಾನರ್, ಭಾಷಣ, ಶಾಲು, ಒಂದು ಟಗರಿನ ಪ್ರದರ್ಶನ ಇವೆಲ್ಲ ಆಗಲಿ, ನನ್ನ ತಕರಾರಿಲ್ಲ. ಆದರೆ ಈ ವರ್ಷದ ನೆಪದಲ್ಲಿ ಒಂದೇ ಒಂದು ಕೆಲಸವಾಗಬೇಕೆಂದು ಕೇಳುತ್ತಿದ್ದೇನೆ. ಮಹಾರಾಷ್ಟ್ರ ಮತ್ತು ಕರ್ನಾಟಕದ ನಡುವೆ ಕುರಿಗಳು ವರ್ಷವರ್ಷವೂ ನಡೆಯುವ ದಾರಿಗಳನ್ನು ಎರಡೂ ಸರ್ಕಾರಗಳು ಗುರುತಿಸಿ, ದಾಖಲೆಗೆ ಸೇರಿಸಿ, ಆ ದಾರಿಯ ಮೇಲಿರುವ ಕುರಿಗೆ ಎರಡೂ ಕಡೆ ಒಂದೇ ಕಾಗದ ಸಾಕು ಎನ್ನುವ ಏರ್ಪಾಡು ಮಾಡಬೇಕು.

ಏಕೆಂದು ಹೇಳುತ್ತೇನೆ.

ನನ್ನ ಸೋದರಮಾವನ ಮಗ ಇಂದಿಗೂ ಕುರಿಯ ಹಿಂದೆ ನಡೆಯುತ್ತಾನೆ. ದೀಪಾವಳಿ ಮುಗಿದ ಮೇಲೆ ಅವರ ಹಿಂಡು ನಿಪ್ಪಾಣಿಯ ಕಡೆಯಿಂದ ಕೊಲ್ಲಾಪುರ ಜಿಲ್ಲೆಯನ್ನು ಹಾಯ್ದು, ರಾಧಾನಗರಿಯ ಬದಿಯಿಂದ ಫೋಂಡಾ ಘಾಟ್ ಇಳಿದು ಕೊಂಕಣಕ್ಕೆ ಹೋಗುತ್ತದೆ. ಅಲ್ಲಿ ಆ ಹೊತ್ತಿಗೆ ಭತ್ತದ ಕೊಯ್ಲು ಮುಗಿದಿರುತ್ತದೆ. ಗದ್ದೆಯ ಕೂಳೆಯನ್ನು ಕುರಿ ಮೇಯುತ್ತದೆ, ರಾತ್ರಿ ಅದೇ ಗದ್ದೆಯಲ್ಲಿ ಕುರಿ ತರುಬುತ್ತಾರೆ, ಹಿಕ್ಕೆ ಮತ್ತು ಉಚ್ಚೆ ಮಣ್ಣಿಗೆ ಸೇರುತ್ತದೆ. ಗದ್ದೆಯ ಒಡೆಯ ಹಿಂದೆ ಕಾಳು ಕೊಡುತ್ತಿದ್ದ, ಈಗ ಒಂದು ರಾತ್ರಿಗೆ ಇಷ್ಟು ಎಂದು ಹಣ ಕೊಡುತ್ತಾನೆ. ಮಳೆಗಾಲ ಶುರುವಾಗುವ ಮೊದಲು ಹಿಂಡು ಘಾಟ್ ಹತ್ತಿ ಬಯಲುಸೀಮೆಗೆ ಮರಳಲೇಬೇಕು, ಏಕೆಂದರೆ ದಖ್ಖನಿ ಕುರಿಯ ಉಣ್ಣೆ ಕೊಂಕಣದ ಮಳೆಯಲ್ಲಿ ಒಣಗುವುದಿಲ್ಲ, ಗೊರಸು ಕೊಳೆಯುತ್ತದೆ. ನಿಮ್ಮ ಕಡೆಯ ಕುರಿಗಾಹಿ ಸಮುದಾಯವಾದ ಧನಗರರು ಮಾಣ, ಫಲಟಣ, ಬಾರಾಮತಿ, ಪುರಂದರದಿಂದ ಮಾಡುವ ಪ್ರಯಾಣದ ಲೆಕ್ಕಾಚಾರವೂ ಇದೇ. ಮಳೆಯ ನೆರಳಿನ ನೆಲ ಮತ್ತು ಮಳೆಯ ನೆಲ, ಎರಡನ್ನೂ ಪಾಳಿಯ ಮೇಲೆ ಬಳಸುವ ಈ ಕ್ರಮವನ್ನು ಯಾವ ಕೃಷಿ ವಿಶ್ವವಿದ್ಯಾಲಯವೂ ಕಲಿಸಿದ್ದಲ್ಲ.

ಕೆಲವು ವರ್ಷಗಳ ಹಿಂದೆ ನಾನೊಮ್ಮೆ ಅವರ ಬಿಡಾರದಲ್ಲಿ ರಾತ್ರಿ ಉಳಿದಿದ್ದೆ. ಗಂಡಸರು ಹಿಂಡಿನೊಂದಿಗೆ ಇನ್ನೂ ದಾರಿಯಲ್ಲಿದ್ದಾಗಲೇ ಹೆಂಗಸರು ಕುದುರೆ ಹೊಡೆದುಕೊಂಡು ಮುಂದೆ ಬಂದು ಜಾಗ ಹಿಡಿದಿದ್ದರು. ಒಂದು ಕುದುರೆಯ ಬೆನ್ನಿನ ಮೇಲೆ ಹಿಟ್ಟಿನ ಚೀಲ, ಪಾತ್ರೆ, ಬಲೆಯ ಸುರುಳಿ, ಅದರ ಮೇಲೆ ಕೋಳಿಯ ಬುಟ್ಟಿ. ಪಕ್ಕದ ಜೋಳಿಗೆಯಿಂದ ಹಿಂದಿನ ದಿನ ಹುಟ್ಟಿದ ಎರಡು ಮರಿಗಳು ತಲೆ ಹೊರಗೆ ಹಾಕಿದ್ದವು. ಸೋದರಮಾವನ ಮಗನ ಹೆಂಡತಿ ಗೂಟ ಬಡಿದು ಬಲೆ ಸುತ್ತಿ ಮುಗಿಸುವ ಹೊತ್ತಿಗೆ ಹಿಂಡು ಬಂತು. ತಾಯಿ ಕುರಿಗಳು ಒದರುತ್ತಾ ನುಗ್ಗಿದವು. ಆಕೆ ಮರಿಗಳನ್ನು ಒಂದೊಂದಾಗಿ ಎತ್ತಿ ಅದರದರ ತಾಯಿಯ ಕೆಚ್ಚಲಿಗೆ ಹಚ್ಚುತ್ತಾ ಹೋದಳು. ಕತ್ತಲಲ್ಲಿ, ಒಂದನ್ನೂ ತಪ್ಪಲಿಲ್ಲ. ಈಕೆಯ ಹೆಸರು ಯಾವ ಇಲಾಖೆಯ ಯಾವ ಪಟ್ಟಿಯಲ್ಲಿಯೂ ಪಶುಪಾಲಕಿ ಎಂದು ಇಲ್ಲ. ಪಡಿತರ ಚೀಟಿಯಲ್ಲಿ ಗೃಹಿಣಿ.

ಇನ್ನು ದಾರಿಯ ಮಾತು. ಒಂದು ಬೆಳಗಿನ ಜಾವ ನಿಮ್ಮ ರಾಜ್ಯದ ಒಳಗೆ, ಹೆದ್ದಾರಿ ದಾಟುವಾಗ ಲಾರಿಯೊಂದು ಹಿಂಡಿನೊಳಗೆ ನುಗ್ಗಿತು. ಹದಿನಾಲ್ಕು ಕುರಿ ಸತ್ತವು, ಅದರಲ್ಲಿ ಹೆಚ್ಚಿನವು ಗಬ್ಬದ ಕುರಿಗಳು. ಲಾರಿ ನಿಲ್ಲಲಿಲ್ಲ. ಸೋದರಮಾವನ ಮಗ ನನಗೆ ಫೋನ್ ಮಾಡಿದ. ಪುಣೆಯಲ್ಲಿ ಇರುವವರಿಗೆಲ್ಲ ದೊಡ್ಡ ಸಾಹೇಬರ ಪರಿಚಯ ಇರುತ್ತದೆ ಎಂಬುದು ಊರ ಕಡೆಯವರ ಗಟ್ಟಿ ನಂಬಿಕೆ. “ಅಣ್ಣಾ, ಇಲ್ಲಿ ಯಾರನ್ನು ಕೇಳಬೇಕು, ನೀನೇ ಹೇಳು” ಎಂದ. ಯಾರನ್ನು ಕೇಳಬೇಕೆಂದು ನನಗೂ ಹೊಳೆಯಲಿಲ್ಲ. ಸ್ಥಳೀಯ ಪಶುವೈದ್ಯರು ಒಳ್ಳೆಯವರು, ಮಾರನೆಯ ದಿನವೇ ಬಂದು ಶವಪರೀಕ್ಷೆ ಮಾಡಿ ಪತ್ರ ಬರೆದುಕೊಟ್ಟರು. ಕರ್ನಾಟಕದಲ್ಲಿ ಆಕಸ್ಮಿಕವಾಗಿ ಸತ್ತ ಕುರಿಗೆ ಪರಿಹಾರ ಕೊಡುವ ‘ಅನುಗ್ರಹ’ ಎಂಬ ಯೋಜನೆ ಇದೆಯಲ್ಲ, ಅದಕ್ಕೆ ಅರ್ಜಿ ಹಾಕಿದ. ಕುರಿ ಸತ್ತ ಜಾಗ ತಮ್ಮ ವ್ಯಾಪ್ತಿಯಲ್ಲಿಲ್ಲ ಎಂದು ಅಲ್ಲಿನ ಒಂದು ಕಚೇರಿ ಹೇಳಿತು. ಕುರಿಯ ಒಡೆಯ ತಮ್ಮ ರಾಜ್ಯದವನಲ್ಲ ಎಂದು ಇಲ್ಲಿನ ಒಂದು ಕಚೇರಿ ಹೇಳಿತು. ಎರಡೂ ಕಚೇರಿಗಳು ನಿಯಮದ ಪ್ರಕಾರವೇ ನಡೆದುಕೊಂಡವು, ಅದೇ ತೊಂದರೆ.

ಪರಿಹಾರ ಹೋಗಲಿ. ನಿಮ್ಮ ಇಲಾಖೆಗೇ ನೇರವಾಗಿ ತಾಕುವ ವಿಷಯಕ್ಕೆ ಬರುತ್ತೇನೆ. ಕುರಿ ಮೇಕೆಗಳಿಗೆ ಬರುವ ಪಿಪಿಆರ್ ಎಂಬ ಸಾಂಕ್ರಾಮಿಕ ರೋಗವನ್ನು 2030ರೊಳಗೆ ಜಗತ್ತಿನಿಂದಲೇ ನಿರ್ಮೂಲ ಮಾಡಬೇಕೆಂದು ಆಹಾರ ಮತ್ತು ಕೃಷಿ ಸಂಸ್ಥೆಯೂ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯೂ 2015ರಲ್ಲಿ ಗುರಿ ಹಾಕಿಕೊಂಡವು. ಭಾರತವೂ ಅದಕ್ಕೆ ಲಸಿಕೆ ಹಾಕುತ್ತಿದೆ. ಲಸಿಕೆಯ ಲೆಕ್ಕ ಮಾತ್ರ ಊರಿನ ಲೆಕ್ಕ. ಲಸಿಕೆಯ ತಂಡ ಊರಿಗೆ ಬಂದಾಗ ಹಿಂಡು ಘಾಟ್ ಕೆಳಗಿರುತ್ತದೆ. ಹಿಂಡು ಇರುವ ಊರಿನಲ್ಲಿ ತಂಡ ಬಂದರೆ ಇದು ಹೊರಗಿನವರ ಕುರಿ, ನಮ್ಮ ಗುರಿಯಲ್ಲಿ ಬರುವುದಿಲ್ಲ ಎನ್ನುತ್ತಾರೆ. ನೂರಾರು ಮೈಲಿ ನಡೆದು ಹತ್ತಾರು ಊರಿನ ಕುರಿಗಳೊಂದಿಗೆ ಒಂದೇ ಕೆರೆಯಲ್ಲಿ ನೀರು ಕುಡಿಯುವ ಹಿಂಡಿಗೇ ಲಸಿಕೆ ತಪ್ಪಿದರೆ, ಕೊಟ್ಟಿಗೆಯಲ್ಲಿ ಕಟ್ಟಿದ ಮೇಕೆಗೆ ಹಾಕಿದ ಲಸಿಕೆ ಎಷ್ಟು ದಿನ ಕಾಯುತ್ತದೆ? ಕಿವಿಗೆ ಹನ್ನೆರಡು ಅಂಕಿಯ ಬಿಲ್ಲೆ ಹಾಕುವ ಪದ್ಧತಿ ದೇಶಕ್ಕೆಲ್ಲ ಒಂದೇ ಎಂದು ಹೇಳುತ್ತೀರಿ. ಹಾಗಿದ್ದರೆ ಆ ಬಿಲ್ಲೆಯನ್ನು ನೋಡಿ ಘಾಟ್ ಮೇಲಿನ ಕಾಗಲದಲ್ಲಿಯೂ ಲಸಿಕೆ ಹಾಕಬಹುದು, ಕೊಂಕಣದ ಕಣಕವಲಿಯಲ್ಲಿಯೂ ಹಾಕಬಹುದು. ಆದೇಶ ಹೊರಡಬೇಕು, ಅಷ್ಟೇ.

ಈ ಸಲದ, ಅಂದರೆ 21ನೆಯ ಜಾನುವಾರು ಗಣತಿಯಲ್ಲಿ ಮೊದಲ ಬಾರಿಗೆ ಅಲೆಮಾರಿ ಪಶುಪಾಲಕರನ್ನೂ ಅವರ ಜಾನುವಾರುಗಳನ್ನೂ ಪ್ರತ್ಯೇಕವಾಗಿ ಲೆಕ್ಕ ಮಾಡುವ ಏರ್ಪಾಡು ಆಯಿತು. ಒಳ್ಳೆಯದು. 2019ರ ಗಣತಿಯಲ್ಲಿ ದೇಶದಲ್ಲಿ ಏಳು ಕೋಟಿ ನಲವತ್ತು ಲಕ್ಷಕ್ಕೂ ಹೆಚ್ಚು ಕುರಿಗಳಿದ್ದವು. ಅವುಗಳಲ್ಲಿ ನಡೆಯುವವು ಎಷ್ಟು, ಕಟ್ಟಿದವು ಎಷ್ಟು ಎಂದು ತಿಳಿಯದೆ ಯೋಜನೆ ಮಾಡುತ್ತಾ ಬಂದದ್ದು ಸೋಜಿಗ. ಲೆಕ್ಕ ಸಿಕ್ಕ ಮೇಲೆ ದಾರಿಯ ಪ್ರಶ್ನೆಯನ್ನು ಮುಂದೂಡಲು ನೆಪ ಉಳಿಯುವುದಿಲ್ಲ.

ಇದು ಆಗದ ಮಾತು ಎನ್ನುವವರಿಗೆ ಎರಡು ಉದಾಹರಣೆ ಕೊಡುತ್ತೇನೆ. ಸ್ಪೇನ್ ದೇಶದಲ್ಲಿ 1273ರಲ್ಲಿಯೇ ಕುರಿಗಾಹಿಗಳ ಸಂಘಕ್ಕೆ ಅರಸ ಸನ್ನದು ಕೊಟ್ಟಿದ್ದ. ದೊಡ್ಡ ಕುರಿದಾರಿಗಳ ಅಗಲ ಸುಮಾರು 75 ಮೀಟರ್. 1995ರಲ್ಲಿ ಅವರ ಸಂಸತ್ತು ಒಂದು ಕಾಯ್ದೆ ಮಾಡಿ, ಉಳಿದಿರುವ ಸುಮಾರು 1,25,000 ಕಿಲೋಮೀಟರ್ ಉದ್ದದ ಕುರಿದಾರಿಗಳನ್ನು ಯಾರೂ ಮಾರಲಾಗದ, ಯಾರೂ ಒತ್ತಲಾಗದ ಸಾರ್ವಜನಿಕ ಆಸ್ತಿ ಎಂದು ಘೋಷಿಸಿತು. ಮ್ಯಾಡ್ರಿಡ್ ನಗರದ ನಟ್ಟನಡುವೆ ವರ್ಷಕ್ಕೊಮ್ಮೆ ಹಿಂಡು ಹಾಯಿಸುತ್ತಾರೆ, 1418ರ ಒಪ್ಪಂದದ ಹಳೆಯ ಸುಂಕವನ್ನು ಮೇಯರ್ ಮುಂದೆ ಎಣಿಸಿ ಕೊಡುತ್ತಾರೆ. ಅದು ತಮಾಷೆಯ ಮೆರವಣಿಗೆ ಎಂದು ಕಾಣಬಹುದು, ಆದರೆ ದಾರಿಯ ಹಕ್ಕು ಸತ್ತಿಲ್ಲ ಎಂದು ತೋರಿಸುವ ವಿಧಾನ ಅದು. ಇನ್ನೊಂದು ಪಶ್ಚಿಮ ಆಫ್ರಿಕಾದ್ದು. ಅಲ್ಲಿನ ದೇಶಗಳ ಒಕ್ಕೂಟ 1998ರಲ್ಲಿ ಒಂದು ಒಪ್ಪಂದ ಮಾಡಿಕೊಂಡಿತು. ದೇಶದ ಗಡಿ ದಾಟುವ ಹಿಂಡಿಗೆ ಒಂದು ಪ್ರಮಾಣಪತ್ರ ಇರಬೇಕು. ಅದರಲ್ಲಿ ಎಷ್ಟು ಪ್ರಾಣಿ, ಯಾವ ಲಸಿಕೆ, ಯಾವ ದಾರಿ, ಎಲ್ಲಿ ಗಡಿ ದಾಟುತ್ತದೆ ಎಂಬುದೆಲ್ಲ ಇರಬೇಕು. ಅಲ್ಲಿ ಅದು ಅಚ್ಚುಕಟ್ಟಾಗಿ ನಡೆಯುತ್ತಿದೆ ಎಂದು ನಾನು ಹೇಳುವುದಿಲ್ಲ. ದಾರಿಯಲ್ಲಿ ಲಂಚ ಇದೆ, ರೈತರಿಗೂ ಪಶುಪಾಲಕರಿಗೂ ರಕ್ತಪಾತದ ಜಗಳಗಳಾಗಿವೆ. ಆದರೆ ಅವು ಬೇರೆ ಬೇರೆ ಸಾರ್ವಭೌಮ ದೇಶಗಳು. ನಮ್ಮದು ಒಂದೇ ದೇಶದ ಎರಡು ರಾಜ್ಯ, ನಡುವೆ ಪಾಸ್‌ಪೋರ್ಟ್ ಇಲ್ಲ, ಇರುವುದು ಗಡಿ, ಭಾಷೆ, ನದಿನೀರಿನ ಜಗಳ. ಆ ಜಗಳದಲ್ಲಿ ಕುರಿಗೆ ಪಾಲಿಲ್ಲ.

ಅಷ್ಟು ದೂರ ಯಾಕೆ ಹೋಗಬೇಕು? ನಡೆಯುವವರಿಗೆ ದಾರಿ ಕಟ್ಟುವುದು ಹೇಗೆಂದು ಪುಣೆ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಳಂದಿ ಮತ್ತು ದೇಹೂವಿನಿಂದ ಪಂಢರಪುರಕ್ಕೆ ಹೋಗುವ ವಾರಿ ಎಂಬ ಪಾದಯಾತ್ರೆಗಾಗಿ ಎರಡು ಪಾಲಖಿ ಮಾರ್ಗಗಳನ್ನು ರಾಷ್ಟ್ರೀಯ ಹೆದ್ದಾರಿಯಾಗಿ ಅಗಲ ಮಾಡುವ ಯೋಜನೆಯಲ್ಲಿ, ವಾರಕರಿಗಳು ನಡೆಯಲು ಪಕ್ಕದಲ್ಲೇ ಪ್ರತ್ಯೇಕ ಪಥಕ್ಕೂ ಜಾಗ ಇಟ್ಟರು. ಯಾವ ದಿನ ಎಲ್ಲಿ ಮುಕ್ಕಾಂ, ಎಲ್ಲಿ ನೀರಿನ ಟ್ಯಾಂಕರ್, ಎಲ್ಲಿ ವೈದ್ಯರ ತಂಡ ಎನ್ನುವುದು ಜಿಲ್ಲಾಡಳಿತಕ್ಕೆ ಬಾಯಿಪಾಠ. ದೇಹೂವಿನಿಂದ ಹೊರಡುವ ತುಕಾರಾಮ ಮಹಾರಾಜರ ಪಾಲಖಿ ಬಾರಾಮತಿ ತಾಲೂಕಿನ ಕಾಟೇವಾಡಿಗೆ ಬಂದಾಗ ಧನಗರರು ತಮ್ಮ ಕುರಿಗಳನ್ನು ಪಾಲಖಿಯ ಸುತ್ತ ಓಡಿಸಿ ರಿಂಗಣ ಮಾಡುತ್ತಾರೆ. ಟಿವಿಯವರು ತೋರಿಸುತ್ತಾರೆ, ಮಂತ್ರಿಗಳು ಕೈ ಮುಗಿಯುತ್ತಾರೆ. ಮರುದಿನ ಅದೇ ಕುರಿ ಅದೇ ಹೆದ್ದಾರಿಯನ್ನು ದಾಟಬೇಕಾದಾಗ ವಿಭಜಕದ ಗೋಡೆಯಲ್ಲಿ ಕಂಡಿ ಎಲ್ಲಿದೆ ಎಂದು ಹುಡುಕಿಕೊಂಡು ನಡೆಯಬೇಕು. ವಾರಿಗೆ ಮಾಡಿದ ವ್ಯವಸ್ಥೆಯ ನೂರರಲ್ಲಿ ಒಂದು ಪಾಲನ್ನು ಕುರಿಗೆ ಮಾಡಿ ಎಂದಷ್ಟೇ ಕೇಳುತ್ತಿದ್ದೇನೆ. ಸೇತುವೆಯ ಕೆಳಗೆ ಹಿಂಡು ಹಾಯುವಷ್ಟು ಕಂಡಿ, ಮುಕ್ಕಾಮಿಗೆ ಗಾಯರಾನಿನ, ಅಂದರೆ ಊರ ಗೋಮಾಳದ ಒಂದು ತುಂಡು, ನೀರಿನ ತೊಟ್ಟಿ, ಋತುವಿಗೆ ತಕ್ಕ ಹಾಗೆ ಅಲ್ಲಿಗೆ ಬರುವ ಪಶುವೈದ್ಯರ ತಂಡ.

ಗಾಯರಾನಿನ ಮಾತು ಬಂತು. ದಾರಿ ಎಂದರೆ ಬರೀ ರಸ್ತೆಯಲ್ಲ, ಹುಲ್ಲು ಇರುವ ದಾರಿ. ದಿವೆ ಘಾಟ್ ಹತ್ತಿ ಸಾಸವಡದ ಕಡೆಗೆ ಇಳಿದರೆ ಜೇಜುರಿ, ಮೋರಗಾಂವ, ಸುಪೆಯವರೆಗೆ ಬೋಳು ಗುಡ್ಡ, ಹುಲ್ಲು, ಅಲ್ಲಲ್ಲಿ ಜಾಲಿ. ನಗರದವರ ಕಣ್ಣಿಗೆ ಅದು ಹಾಳು ಬಿದ್ದ ನೆಲ. ಸರ್ಕಾರದ ಭೂಪಟದಲ್ಲಿಯೂ ಇಂಥ ನೆಲ ಬಂಜರು ಎಂಬ ಬಣ್ಣ ಪಡೆದಿದೆ, ಬ್ರಿಟಿಷರ ಕಾಲದಲ್ಲಿ ಕಂದಾಯ ಹುಟ್ಟದ ನೆಲಕ್ಕೆ ಬಿದ್ದ ಮುದ್ರೆ ಇನ್ನೂ ಅಳಿಸಿಲ್ಲ. ಸುಪೆಯಲ್ಲಿ ಚಿಂಕಾರ ಎಂಬ ಹುಲ್ಲೆಗಳಿಗಾಗಿ 1997ರಲ್ಲಿ ಮಯೂರೇಶ್ವರ ಅಭಯಾರಣ್ಯ ಮಾಡಿದರು, ಅದರ ವಿಸ್ತಾರ ಸುಮಾರು ಐದು ಚದರ ಕಿಲೋಮೀಟರ್ ಮಾತ್ರ. ಉಳಿದದ್ದೆಲ್ಲ ಮುಟ್ಟಿದವರ ಸೊತ್ತು. ಮಳೆ ಬಿದ್ದು ತಿಂಗಳಾದ ಮೇಲೆ ಹೋಗಿ ನೋಡಿ. ಮರಾಠಿಯವರು ಕುಸಳ ಎನ್ನುವ ಹುಲ್ಲು ಮೊಳಕಾಲಿನವರೆಗೆ ಬೆಳೆದಿರುತ್ತದೆ. ಎಳೆಯದಿದ್ದಾಗ ಕುರಿ ಆಸೆಪಟ್ಟು ತಿನ್ನುತ್ತದೆ, ತೆನೆ ಒಣಗಿದರೆ ಅದರ ಊಬು ಉಣ್ಣೆಯೊಳಗೆ ಹೊಕ್ಕು ಚರ್ಮಕ್ಕೆ ಚುಚ್ಚುತ್ತದೆ. ಆದ್ದರಿಂದ ಯಾವ ಗುಡ್ಡವನ್ನು ಯಾವ ವಾರ ಮೇಯಿಸಬೇಕು, ಯಾವಾಗ ಬಿಟ್ಟು ಹೊರಡಬೇಕು ಎಂಬ ಲೆಕ್ಕ ಕುರಿಗಾಹಿಗೆ ಗೊತ್ತು. ಆ ಹುಲ್ಲಿನ ನೆಲದಲ್ಲಿ ಇಂಗಾಲದ ಬಹುಪಾಲು ಇರುವುದು ಮಣ್ಣಿನ ಒಳಗೆ. ಮೇಲಿನ ಹುಲ್ಲಿಗೆ ಬೆಂಕಿ ಬಿದ್ದರೂ ಒಳಗಿನದು ಉಳಿಯುತ್ತದೆ.

ಅಂಥ ನೆಲದಲ್ಲಿ ನಾವು ಮಾಡಿದ್ದೇನು? ಯಂತ್ರ ತಂದು ಗುಡ್ಡಕ್ಕೆ ಅಡ್ಡಡ್ಡ ಕಾಲುವೆ ತೋಡಿ, ಹುಲ್ಲಿನ ಬೇರು ಕಿತ್ತು ಗಿರಿಪುಷ್ಪದ (ಗ್ಲಿರಿಸಿಡಿಯಾ) ಸಸಿ ನೆಟ್ಟೆವು. 2019ರಲ್ಲಿ ಒಂದೇ ಮಳೆಗಾಲದಲ್ಲಿ 33 ಕೋಟಿ ಸಸಿ ನೆಡುವ ಗುರಿ ಈ ರಾಜ್ಯದಲ್ಲಿತ್ತು. ಅಷ್ಟು ಸಸಿಗೆ ಕಾಡಿನೊಳಗೆ ಜಾಗ ಎಲ್ಲಿ? ಗುಡ್ಡದ ಹುಲ್ಲು ಸುಲಭದಲ್ಲಿ ಸಿಕ್ಕಿತು. ಬೇಲಿ ಬಂತು, ಫಲಕ ಬಂತು, ಕುರಿಗೆ ಪ್ರವೇಶ ನಿಷೇಧ. ಬೇಸಿಗೆಯಲ್ಲಿ ಸಸಿ ಒಣಗಿದರೂ ಬೇಲಿ ಉಳಿಯಿತು. ಅರಣ್ಯ ಇಲಾಖೆ ನಿಮ್ಮದಲ್ಲ ಎಂದು ನನಗೆ ಗೊತ್ತು. ಆದರೆ ಹುಲ್ಲಿನ ಪರವಾಗಿ ಸರ್ಕಾರದ ಸಭೆಯಲ್ಲಿ ಮಾತನಾಡಬೇಕಾದವರು ನೀವಲ್ಲದೆ ಇನ್ನಾರು? ಮೇವು ಯಾರ ಖಾತೆ?

ಅದೇ ಅರಣ್ಯ ಇಲಾಖೆಯವರು ಇತ್ತೀಚೆಗೆ ಇಂದಾಪುರದ ಕಡಬನವಾಡಿ, ಬಾರಾಮತಿಯ ಶಿರ್ಸುಫಳದಲ್ಲಿ ಹುಲ್ಲುಗಾವಲು ಸಫಾರಿ ಶುರು ಮಾಡಿದ್ದಾರೆ. ತೋಳ, ಚಿಂಕಾರ, ನರಿ ನೋಡಲು ಪುಣೆಯಿಂದ ಜನ ಹೋಗುತ್ತಾರೆ. ನನಗೂ ಸಂತೋಷವೇ, ಹುಲ್ಲಿಗೆ ಟಿಕೆಟ್ ಕೊಟ್ಟು ಹೋಗುವ ಜನ ಹುಟ್ಟಿದ್ದು ಸಣ್ಣ ಸಂಗತಿಯಲ್ಲ. ಆದರೆ ಆ ತೋಳ ಬದುಕಿರುವುದು ಯಾರ ಕುರಿಯನ್ನು ತಿಂದು ಎಂಬುದನ್ನು ಸಫಾರಿಯ ಮಾರ್ಗದರ್ಶಕರು ಪ್ರವಾಸಿಗರಿಗೆ ಹೇಳುತ್ತಾರೋ ಇಲ್ಲವೋ. ತೋಳಕ್ಕೂ ಒಂದು ಪಾಲು ಎಂದು ಬಿಟ್ಟುಕೊಟ್ಟವರು ಕುರಿಗಾಹಿಗಳು. ಹಾಗೆ ಬಿಡದಿದ್ದರೆ ಸತ್ತ ಕುರಿಗೆ ವಿಷ ಬೆರೆಸಿ ಇಡುವುದು ಕಷ್ಟದ ಕೆಲಸವಾಗಿರಲಿಲ್ಲ.

ಕನ್ನಡಿಗರಾಗಿ ನಾವು ಬೀಗುವಂತೆಯೂ ಇಲ್ಲ. ಮೈಸೂರು ಅರಸರ ಕಾಲದಿಂದ ದನಗಳಿಗಾಗಿಯೇ ಮೀಸಲಿಟ್ಟ ಅಮೃತಮಹಲ್ ಕಾವಲುಗಳ ಗತಿ ಏನಾಯಿತು? ಚಳ್ಳಕೆರೆಯೊಂದರಲ್ಲೇ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆ ಎಂದು ಸಾವಿರಾರು ಎಕರೆ ಕಾವಲು ಗೋಡೆಯ ಒಳಗೆ ಹೋಯಿತು. ಸುತ್ತಲಿನ ಹಳ್ಳಿಯವರಿಗೆ ಗೋಡೆ ಎದ್ದ ಮೇಲೆ ವಿಷಯ ತಿಳಿಯಿತು. ಮಹಾರಾಷ್ಟ್ರದ ಗಾಡಿ ಓಟದ ಹೆಮ್ಮೆಯ ಖಿಲಾರಿ ಎತ್ತಿನ ಬೇರು ಆ ಕಾವಲಿನ ತಳಿಯಲ್ಲಿದೆ ಎನ್ನುತ್ತಾರೆ, ಹಾಗಾದರೆ ಅಲ್ಲಿ ಕಳೆದದ್ದು ಇಲ್ಲಿಯದೂ ಹೌದು.

ಕಾನೂನು ಇಲ್ಲವೆಂದು ಯಾರೂ ಹೇಳಬೇಕಾಗಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ 3ನೆಯ ಕಲಮು ಅಲೆಮಾರಿ ಪಶುಪಾಲಕರ ಋತುಮಾನದ ಮೇವಿನ ಹಕ್ಕನ್ನು ಸ್ಪಷ್ಟವಾಗಿ ಹೇಳುತ್ತದೆ. ಪರಿಶಿಷ್ಟ ಪಂಗಡಕ್ಕೆ ಸೇರದವರು ಮಾತ್ರ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ಸಾಬೀತು ಮಾಡಬೇಕು. ವರ್ಷದ ಎಂಟು ತಿಂಗಳು ದಾರಿಯಲ್ಲಿರುವವನು ವಾಸದ ಪುರಾವೆ ಎಲ್ಲಿಂದ ತರಬೇಕು, ಕಂಬಳಿಯ ಗಂಟಿನಲ್ಲಿ ಕಟ್ಟಿಕೊಂಡು ಬಂದಾನೇ? ಊರ ಸಾರ್ವಜನಿಕ ಜಮೀನಿನ ಒತ್ತುವರಿ ತೆರವು ಮಾಡಬೇಕೆಂದು ಸುಪ್ರೀಂ ಕೋರ್ಟ್ 2011ರಲ್ಲಿಯೇ ಎಲ್ಲ ರಾಜ್ಯಗಳಿಗೆ ಹೇಳಿದೆ. ಒತ್ತುವರಿ ತೆರವಾದ ಕಡೆ ಈಗ ಸೌರಫಲಕ ಬರುತ್ತಿದೆ. ಸೌರವಿದ್ಯುತ್ ಬೇಡವೆನ್ನುವಷ್ಟು ದಡ್ಡ ನಾನಲ್ಲ. ಫಲಕಗಳನ್ನು ಎತ್ತರದಲ್ಲಿ ನಿಲ್ಲಿಸಿ ಕೆಳಗೆ ಕುರಿ ಮೇಯಿಸುವ ಪದ್ಧತಿ ಬೇರೆ ದೇಶಗಳಲ್ಲಿ ರೂಢಿಗೆ ಬಂದಿದೆ, ಹುಲ್ಲು ಕತ್ತರಿಸುವ ಖರ್ಚೂ ಉಳಿಯುತ್ತದೆ. ಗುತ್ತಿಗೆಯ ಕರಾರಿನಲ್ಲಿ ಅದಕ್ಕೊಂದು ಸಾಲು ಸೇರಿಸಿದರೆ ಯಾರ ಗಂಟೂ ಹೋಗುವುದಿಲ್ಲ.

ಇನ್ನು ನಿಮ್ಮವರು ಹೇಳಬಹುದಾದ ಒಂದು ಆಕ್ಷೇಪವನ್ನು ನಾನೇ ಹೇಳಿಬಿಡುತ್ತೇನೆ. ಕುರಿ ಹೆಚ್ಚಾದರೆ ಹುಲ್ಲು ಉಳಿಯುವುದಿಲ್ಲ, ಆದ್ದರಿಂದ ಕೊಟ್ಟಿಗೆಯಲ್ಲೇ ಸಾಕುವುದನ್ನು ಪ್ರೋತ್ಸಾಹಿಸಬೇಕು ಎಂಬುದು. ಮೊದಲ ಅರ್ಧ ನಿಜ. ಒಂದೇ ಗುಡ್ಡದಲ್ಲಿ ತಿಂಗಳುಗಟ್ಟಲೆ ನಿಂತ ಹಿಂಡು ನೆಲವನ್ನು ಬೋಳಿಸುತ್ತದೆ, ನಾನೇ ಕಣ್ಣಾರೆ ನೋಡಿದ್ದೇನೆ. ಆದರೆ ಹಿಂಡು ನಿಲ್ಲುವುದು ದಾರಿ ಮುಚ್ಚಿದಾಗ. ನಡೆದರೆ ಹುಲ್ಲಿಗೆ ಬಿಡುವು ಸಿಗುತ್ತದೆ. ನಿಮ್ಮ ಮಹಾಮೇಷ ಯೋಜನೆಯಲ್ಲಿ ಕುರಿ ಕೊಳ್ಳಲು ಅನುದಾನವಿದೆ, ಕುರಿಯ ಸಂಖ್ಯೆ ಹೆಚ್ಚಲಿ ಎಂಬ ಆಶಯವಿದೆ. ಹೆಚ್ಚಾದ ಕುರಿ ನಡೆಯುವ ದಾರಿಗೆ ಅದರಲ್ಲಿ ಏನೂ ಕಾಣುವುದಿಲ್ಲ. ಫಲಟಣದ ಸಂಶೋಧನಾ ಸಂಸ್ಥೆ ಸುಂದರಬನದ ಗರೋಲ್ ತಳಿಯ ಗುಣವನ್ನು ದಖ್ಖನಿ ಕುರಿಗೆ ತಂದು, ಅವಳಿ ಮರಿ ಹಾಕುವ ‘ನಾರಿ ಸುವರ್ಣ’ ಕುರಿಯನ್ನು ರೂಪಿಸಿದ್ದು ನಿಜಕ್ಕೂ ದೊಡ್ಡ ಕೆಲಸ. ಅವಳಿ ಮರಿಯ ತಾಯಿಗೆ ಹಾಲು ಬರಲು ಮೇವೂ ಎರಡು ಪಟ್ಟು ಬೇಕಲ್ಲವೇ?

ರೈತರೊಂದಿಗಿನ ಜಗಳವೂ ಇದೆ, ಮುಚ್ಚಿಡುವುದಿಲ್ಲ. ರಾತ್ರಿ ನಿದ್ದೆಗಣ್ಣಿನಲ್ಲಿ ಹಿಂಡು ಕಬ್ಬಿನ ಎಳೆ ಕುಳೆಗೆ ನುಗ್ಗಿದರೆ ಯಾವ ರೈತ ಸುಮ್ಮನಿರುತ್ತಾನೆ? ಹೊಡೆದಾಟ, ಕುರಿ ಕಳವು, ನಾಯಿಗೆ ವಿಷ, ಕೊನೆಗೆ ಠಾಣೆ. ಠಾಣೆಯಲ್ಲಿ ಊರಿನವನ ಮಾತಿಗೆ ತೂಕ, ದಾರಿಹೋಕನ ಮಾತಿಗಿಲ್ಲ. ಈ ದೌರ್ಜನ್ಯಗಳನ್ನು ತಡೆಯಲೆಂದೇ ಕರ್ನಾಟಕದ ವಿಧಾನಮಂಡಲ 2025ರಲ್ಲಿ ವಲಸೆ ಕುರಿಗಾಹಿಗಳ ಕಲ್ಯಾಣ ಮತ್ತು ರಕ್ಷಣೆಗಾಗಿ ವಿಧೇಯಕ ಒಪ್ಪಿಕೊಂಡಿತು. ಅದರ ರಕ್ಷಣೆ ಗಡಿಯ ಕೊಗನೊಳ್ಳಿ ನಾಕೆಯಲ್ಲಿ ಮುಗಿದುಹೋಗುತ್ತದೆ, ಆಚೆಗೆ ನಿಮ್ಮ ರಾಜ್ಯ. ನಿಮ್ಮ ಸಾಂಗ್ಲಿ, ಸೊಲ್ಲಾಪುರದ ಧನಗರರು ನಮ್ಮ ಅಥಣಿ, ಇಂಡಿ ಕಡೆಗೆ ಬಂದರೆ ಅಲ್ಲಿಯೂ ಅವರು ಹೊರಗಿನವರೇ.

ಆದ್ದರಿಂದ ನನ್ನ ಕೋರಿಕೆ ಹೀಗಿದೆ. ಬೆಳಗಾವಿ ಮತ್ತು ಕೊಲ್ಲಾಪುರದ ಪಶುಸಂಗೋಪನಾ ಇಲಾಖೆಯ ಇಬ್ಬರು ಜಿಲ್ಲಾ ಅಧಿಕಾರಿಗಳು ಒಂದು ದಿನ ಕೂಡಿ ಕುಳಿತುಕೊಳ್ಳಲಿ. ಎರಡೂ ಊರಿನ ನಡುವೆ ಕಾರಿನಲ್ಲಿ ಎರಡು ತಾಸಿನ ದಾರಿ. ಪಕ್ಕದಲ್ಲಿ ಅರಣ್ಯ, ಕಂದಾಯ ಮತ್ತು ಪೊಲೀಸ್ ಇಲಾಖೆಯ ಒಬ್ಬೊಬ್ಬರು ಇರಲಿ, ಮುಖ್ಯವಾಗಿ ಕುರಿಗಾಹಿಗಳಿರಲಿ, ಅವರಲ್ಲಿ ಹೆಂಗಸರೂ ಇರಲಿ. ದಾರಿಯ ನಕ್ಷೆ ಅವರೇ ಹೇಳುತ್ತಾರೆ, ಯಾವ ಸಲಹಾ ಸಂಸ್ಥೆಗೂ ಗುತ್ತಿಗೆ ಕೊಡಬೇಕಾಗಿಲ್ಲ. ಒಂದು ಹಿಂಡಿಗೆ ಒಂದು ಪುಸ್ತಕ, ಕನ್ನಡ ಮರಾಠಿ ಎರಡರಲ್ಲೂ ಅಚ್ಚಾದದ್ದು. ಲಸಿಕೆ, ಬಿಲ್ಲೆಯ ಸಂಖ್ಯೆ, ದಾರಿ, ಸಾವು ನೋವು ಎಲ್ಲ ಅದರಲ್ಲೇ. ಅದರಲ್ಲಿ ಯಾವ ಕಡೆಯ ಪಶುವೈದ್ಯರು ಸಹಿ ಮಾಡಿದರೂ ಇನ್ನೊಂದು ಕಡೆ ನಡೆಯಬೇಕು. ಇದಿಷ್ಟಕ್ಕೆ ಹೊಸ ಕಾಯ್ದೆ ಬೇಡ, ಇಬ್ಬರು ಆಯುಕ್ತರ ಸಹಿ ಇರುವ ಒಂದು ಆದೇಶ ಸಾಕು ಎಂದು ನನ್ನ ತಿಳಿವಳಿಕೆ. ರಸ್ತೆಯ ಕಂಡಿ, ಗಾಯರಾನಿನ ಮುಕ್ಕಾಂ, ಇವಕ್ಕೆ ಸಮಯ ಹಿಡಿಯುತ್ತದೆ, ಹಿಡಿಯಲಿ. ಪುಸ್ತಕ ಮಾತ್ರ ಈ ವರ್ಷವೇ ಬರಬೇಕು.

ಪುಣೆಯ ಕನ್ನಡಿಗರಿಗೂ ಒಂದು ಮಾತು. ನಾವು ಮನೆ ಕೊಂಡಿರುವ ಉಂಡ್ರಿ, ಪಿಸೋಳಿ, ವಾಘೋಲಿಯ ನೆಲ ಮೊನ್ನೆ ಮೊನ್ನೆಯವರೆಗೆ ಮಾಳ. ಹಿಂಡುಗಳು ಹಳೆಯ ಜಾಡು ಹಿಡಿದು ಈಗಲೂ ನಮ್ಮ ಗೇಟಿನ ಮುಂದೆ ಹಾದುಹೋಗುತ್ತವೆ. ಕಾರಿಗೆ ಹತ್ತು ನಿಮಿಷ ತಡವಾಯಿತೆಂದು ಪೊಲೀಸರಿಗೆ ಫೋನ್ ಮಾಡುವವರು, ಹಿಕ್ಕೆ ಬಿತ್ತೆಂದು ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಚಿತ್ರ ಹಾಕುವವರು, ಅದೇ ಹಿಕ್ಕೆಯನ್ನು ನರ್ಸರಿಯಲ್ಲಿ ಸಾವಯವ ಗೊಬ್ಬರವೆಂದು ಚೀಲಕ್ಕಿಷ್ಟು ಕೊಟ್ಟು ತರುವವರು ಒಬ್ಬರೇ ಇರುವುದೂ ಉಂಟು. ನೀರಿನ ನಲ್ಲಿ ಒಂದು ಹತ್ತು ನಿಮಿಷ ಬಿಟ್ಟುಕೊಡಿ. ಸಾಧ್ಯವಾದರೆ ಕಂಬಳಿ ಕೊಳ್ಳಿ, ಅಂಗಡಿಯ ಪಾಲಿಯೆಸ್ಟರ್ ಹೊದಿಕೆಯಲ್ಲ. ಹುಣಸೆ ಬೀಜದ ಗಂಜಿ ಹಾಕಿ ನೇಯ್ದ, ಮೊದಲ ವರ್ಷ ಮೈಗೆ ಚುಚ್ಚುವ ನಿಜವಾದ ದಖ್ಖನಿ ಕಂಬಳಿ. ಉಣ್ಣೆ ಕೇಳುವವರಿಲ್ಲದೆ ಈಗ ಕುರಿಗಾಹಿ ತನ್ನ ಕೈಯಿಂದ ಹಣ ಕೊಟ್ಟು ಕತ್ತರಿಸಿ ಹೊಲದ ಬದುವಿಗೆ ಎಸೆಯುತ್ತಿದ್ದಾನೆ.

ಮಾನ್ಯರೇ, ನನ್ನ ಸೋದರಮಾವನ ಮಗ ತನ್ನ ದಾರಿಯ ಊರುಗಳನ್ನು ಮುಕ್ಕಾಮಿನ ಪ್ರಕಾರ ಹೇಳಿದ್ದಾನೆ, ನಾನು ಬರೆದಿಟ್ಟುಕೊಂಡಿದ್ದೇನೆ. ಎಲ್ಲಿ ನೀರು ಬತ್ತಿದೆ, ಎಲ್ಲಿ ಬೇಲಿ ಬಂದಿದೆ, ಯಾವ ಊರಿನಲ್ಲಿ ಜಗಳವಾಗುತ್ತದೆ ಎಂಬುದೂ ಅದರಲ್ಲಿದೆ. ಭೇಟಿಗೆ ಸಮಯ ಕೊಟ್ಟರೆ ತೆಗೆದುಕೊಂಡು ಬರುತ್ತೇನೆ. ಮಳೆಗಾಲದಲ್ಲಿ ಅವನು ಊರಲ್ಲೇ ಇರುತ್ತಾನೆ, ಅವನನ್ನೂ ಕರೆತರಬಲ್ಲೆ. ದೀಪಾವಳಿಯ ನಂತರವಾದರೆ ನೀವೇ ಘಾಟ್ ಕಡೆಗೆ ಬರಬೇಕಾಗುತ್ತದೆ.

ಇತಿ ತಮ್ಮ ವಿಶ್ವಾಸಿ,
ಪುಣೆಯಲ್ಲಿ ನೆಲೆಸಿರುವ ಚಿಕ್ಕೋಡಿ ತಾಲೂಕಿನ ಒಬ್ಬ ನಿವೃತ್ತ ಬ್ಯಾಂಕ್ ನೌಕರ